ಬಾನ್ ಇವೇರ್ ‘22, ಎ ಮಿಲಿಯನ್’ ನಿಜಕ್ಕೂ ಅಷ್ಟು ಚೆನ್ನಾಗಿದ್ಯಾ, ಇಲ್ಲಾ ಎಲ್ರೂ ಹೊಗಳ್ತಾರೆ ಅಂತ ನಾವೂ ಹೊಗಳ್ತಿದೀವಾ?

ಕಾಫಿಪುಡಿ:

ಮೊದ್ಲೇ ಹೇಳ್ಬಿಡ್ತೀನಿ, ಬೈಯ್ಯೋಕೆ ಅಂತ ಬಂದಿಲ್ಲ. ಬಾನ್ ಇವೇರ್ ಬ್ಯಾಂಡ್ ನಡೆಸೋ ಜಸ್ಟಿನ್ ವರ್ನನ್ ದನಿ ಅಂದ್ರೆ ನಂಗೆ ಪ್ರಾಣ. ಮೊದಲನೇ ಆಲ್ಬಂ ‘ಫಾರ್ ಎಮ್ಮಾ, ಫಾರೆವರ್ ಅಗೋ’ ಎಷ್ಟು ಸಲ ಕೇಳಿದೀನೋ ಲೆಕ್ಕ ಇಟ್ಟಿಲ್ಲ, ವಿಸ್ಕಾನ್ಸಿನ್ ಕಾಡಲ್ಲಿ ಅಪ್ಪನ ಬೇಟೆ ಮನೆ, ಹೊರಗೆ ಹಿಮ, ಒಳಗೆ ಇವನೊಬ್ನೇ ಕೂತು ರೆಕಾರ್ಡ್ ಮಾಡಿದ್ದು, ಆ ಕಥೆ ಎಲ್ಲಾ ಬಾಯಿಪಾಠ. 2011ರಲ್ಲಿ ಎರಡನೇ ಆಲ್ಬಂ ಬಂತಲ್ಲ, ವಾದ್ಯ ಜಾಸ್ತಿ ಆಯ್ತು, ಬ್ಯಾಂಡ್ ದೊಡ್ಡದಾಯ್ತು, ಆದ್ರೂ ‘ಹೋಲೊಸೀನ್’ ಕೇಳಿದ್ರೆ ಇವ್ನು ಅವ್ನೇ ಅಂತ ಗೊತ್ತಾಗ್ತಿತ್ತು. ಮುಂದಿನ ವರ್ಷ ಎರಡು ಗ್ರ್ಯಾಮಿ ಬಂತು, ನಾನೂ ಖುಷಿ ಪಟ್ಟೆ.

ಆ ಆಲ್ಬಂ ಆದ್ಮೇಲೆ ಐದು ವರ್ಷ ಹೊಸ ಆಲ್ಬಂ ಇಲ್ಲ. 2012ರಲ್ಲೇ ಈ ಬ್ಯಾಂಡನ್ನ ಸದ್ಯಕ್ಕೆ ನಿಲ್ಲಿಸ್ತೀನಿ ಅನ್ನೋ ಥರ ಮಾತಾಡಿದ್ದ, ಸರಿ ಮುಗೀತು ಅನ್ಕೊಂಡ್ವಿ. ಆಮೇಲೆ 2016 ಸೆಪ್ಟೆಂಬರ್ ಕೊನೇಲಿ ಇದು ಬಂತು. ಹತ್ತು ಹಾಡು, ಎಲ್ಲಾ ಸೇರಿ 34 ನಿಮಿಷ. ಬಂದಾಗ್ಲೇ ಕೇಳಿ ಅರ್ಧಕ್ಕೆ ಬಿಟ್ಟಿದ್ದೆ, ಈಗ ಮತ್ತೆ ಪೂರ್ತಿ ಕೇಳ್ದೆ, ಇನ್ನೂ ಒಳಗೆ ಇಳೀತಿಲ್ಲ. ಎರಡನೇ ಹಾಡಲ್ಲಿ ಡ್ರಮ್ಸ್ ಶುರುವಾಗುತ್ತಲ್ಲ, ಆ ‘10 ಡೆತ್‌ಬ್ರೆಸ್ಟ್’, ನಾನು ಹೆಡ್‌ಫೋನ್ ಜ್ಯಾಕ್ ತೆಗೆದು ಒರೆಸಿ ಮತ್ತೆ ಹಾಕ್ದೆ. ಸ್ಪೀಕರ್ ಹರಿದು ಹೋದ್ರೆ ಹೆಂಗ್ ಬರುತ್ತೋ ಹಂಗೇ ಇದೆ ಸೌಂಡು. ದನಿ ಒಂದು ಕಡೆ ಚಿಪ್‌ಮಂಕ್ ಥರ ಕೀಚಲು, ಇನ್ನೊಂದು ಕಡೆ ರೋಬೋ. ಗಿಟಾರ್ ಎಲ್ಲೋ ಒಂದೆರಡು ಕಡೆ ಕದ್ದು ಮುಚ್ಚಿ ಬಂದು ಹೋಗುತ್ತೆ.

ಸಂಗೀತ ವಿಮರ್ಶೆಯ ಸೈಟ್ ಪಿಚ್‌ಫೋರ್ಕ್ ಇದಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟಿತ್ತು. ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ಎರಡನೇ ಜಾಗಕ್ಕೆ ಬಂದಿತ್ತು. ನನ್ನ ಫ್ರೆಂಡ್ಸಲ್ಲಿ ಅರ್ಧ ಜನ ಇದು ಅವನ ಬೆಸ್ಟ್ ಅಂತಾರೆ, ಇನ್ನರ್ಧ ಇದರ ಹೆಸರೆತ್ತಿದ್ರೆ ಮುಖ ತಿರುಗಿಸ್ತಾರೆ. ಮಧ್ಯದಲ್ಲಿ ಯಾರೂ ಇಲ್ಲ, ಅದೇ ನಂಗೆ ಆಶ್ಚರ್ಯ. ಸೀರಿಯಸ್ ಆಗಿ ಕೇಳ್ತಿದೀನಿ, ಇಷ್ಟ ಪಟ್ಟವ್ರು ಏನು ಕೇಳಿಸ್ಕೊಂಡ್ರಿ ಇದರಲ್ಲಿ? ಹಾಡುಗಳು ಒಳಗೆ ಇದಾವೆ, ಮೇಲೆ ಗಲಾಟೆ ಸುರಿದು ಹೂತು ಹಾಕಿದಾನೆ ಅಂತ ನನ್ನ ಅನಿಸಿಕೆ.

ಖಡಕ್_ರೊಟ್ಟಿ:

ನೀವೊಬ್ಬರ ಅಲ್ರೀ, ನಮಗೂ ತಲೀಗೆ ಹತ್ತಿಲ್ಲ. ಮೊದಲ ಆ ಹಾಡಿನ ಹೆಸರು ನೋಡ್ರಿ. ಓದಾಕ ಬರಂಗಿಲ್ಲ, ಯಾರಿಗರೆ ಹೇಳಾಕ ಬರಂಗಿಲ್ಲ, ಟೈಪ್ ಮಾಡಿ ಹುಡುಕಬೇಕಂದ್ರ ಕೀಬೋರ್ಡಿನ್ಯಾಗ ಆ ಚಿಹ್ನೆನ ಇಲ್ಲ. ಒಂದು ಅಕ್ಷರ ದೊಡ್ಡದು, ಒಂದು ಸಣ್ಣದು, ಒಂದು ತಲಿ ಕೆಳಗ ಮಾಡಿದ್ದು, ಒಂದು ಹಾಡಿಗಂತೂ ಬರೇ ಗೆರಿ ಎಳದು ನಡುವ 45 ಅಂತ ಬರದಾನ. ಗೆಳ್ಯಾಗ ಯಾವ ಹಾಡು ಚಲೋ ಐತಿ ಅಂತ ಹೇಳಬೇಕಂದ್ರ ನಾಕನೇದ್ದು, ಏಳನೇದ್ದು ಅಂತ ಹೇಳಬೇಕು.

ಇನ್ನೊಂದು ಕೇಳ್ರಿ. ‘33 ಗಾಡ್’ ಅನ್ನೋ ಹಾಡಿನ ಉದ್ದ ಸರಿಯಾಗಿ 3 ನಿಮಿಷ 33 ಸೆಕೆಂಡ್. ಇದನ್ನ ನೋಡಿ ಮಂದಿ ಆಹಾ ಎಂಥಾ ಗೂಢಾರ್ಥ ಅಂತಾರ. ನಮ್ಮೂರಾಗ ಸಂಖ್ಯಾಶಾಸ್ತ್ರ ಹೇಳಾಂವ ಕುಂತಿರ್ತಾನ ಬಸ್ ಸ್ಟ್ಯಾಂಡ್ ಮುಂದ, ಅವನೂ ಹಿಂಗ ಮಾಡ್ತಾನ. ಹಾಡು ಬರಿಯೋದು ಬಿಟ್ಟು ಒಗಟು ಬರದ್ರ ಒಗಟು ಬಿಡಸಾವ್ರು ಖುಷಿ ಪಡ್ತಾರ, ಹಾಡು ಕೇಳಾವ್ರು ಎದ್ದು ಹೋಗ್ತಾರ. ಅಷ್ಟ ಆಗಿದ್ದು ಇಲ್ಲಿ.

ಫೇಡರ್_ಮೇಲೆ_ಕೆಳಗೆ:

ಮಿಕ್ಸಿಂಗ್ ಮಾಡಿ ಹೊಟ್ಟೆ ಹೊರೆಯೋನು ನಾನು, ಸ್ವಲ್ಪ ಉದ್ದ ಬರೀತೀನಿ, ಬೋರಾದ್ರೆ ಸ್ಕ್ರೋಲ್ ಮಾಡ್ಕೊಂಡ್ ಹೋಗಿ.

ರೊಟ್ಟಿ ಸಾರ್, ಹೆಸರುಗಳ ಬಗ್ಗೆ ನಿಮ್ ಜೊತೆ ಜಗಳ ಇಲ್ಲ, ಅದು ನಂಗೂ ಸ್ವಲ್ಪ ಅತಿ ಅನ್ಸುತ್ತೆ. ಕವರ್ ಆರ್ಟ್ ಮಾಡಿದ ಎರಿಕ್ ಟಿಮೊಥಿ ಕಾರ್ಲ್ಸನ್ ಪ್ರತೀ ಹಾಡಿಗೂ ಒಂದೊಂದು ಚಿಹ್ನೆ ಕೂರಿಸಿದ, ನೋಡೋಕೆ ಚೆಂದ, ಕೇಳೋಕೆ ಅದರಿಂದ ಏನೂ ವ್ಯತ್ಯಾಸ ಇಲ್ಲ, ಬಿಟ್ಹಾಕಿ.

ಆದ್ರೆ ಕಾಫಿಪುಡಿ ಅವ್ರೇ, ನೀವು ‘ಹಾಡು ಒಳಗಿದೆ ಮೇಲೆ ಗಲಾಟೆ ಸುರಿದಿದಾನೆ’ ಅಂದ್ರಲ್ಲ, ಅಲ್ಲೇ ನಂಗೆ ತಕರಾರು. ಆ ರೋಬೋ ದನಿ ಹೆಂಗೆ ಮಾಡಿದ್ದು ಅಂತ ಗೊತ್ತಾದ್ರೆ ಮೇಲೆ ಯಾವುದು ಒಳಗೆ ಯಾವುದು ಅಂತ ಬೇರ್ಪಡಿಸೋಕೇ ಆಗಲ್ಲ. ಸಾಮಾನ್ಯವಾಗಿ ಹಾರ್ಮನಿ ಬೇಕು ಅಂದ್ರೆ ಏನ್ಮಾಡ್ತೀವಿ, ಮೇನ್ ವೋಕಲ್ ಹಾಡಿಸಿ ಅದರ ಮೇಲೊಂದು ಕೆಳಗೊಂದು ಅಂತ ಟ್ರ್ಯಾಕ್ ಮೇಲೆ ಟ್ರ್ಯಾಕ್ ತಗೋತಾ ಹೋಗ್ತೀವಿ. ಮೊದಲನೇ ಆಲ್ಬಂನಲ್ಲಿ ವರ್ನನ್ ಮಾಡಿದ್ದೂ ಅದೇ, ತನ್ನ ಫಾಲ್ಸೆಟೋ (ಎತ್ತರದ ತೆಳ್ಳನೆ ದನಿ) ಮೇಲೆ ತನ್ನದೇ ಫಾಲ್ಸೆಟೋ ಪೇರಿಸಿದ್ದು. ಈ ಸಲ ಅವನ ಇಂಜಿನಿಯರ್ ಕ್ರಿಸ್ ಮೆಸಿನಾ ಅಂತ, ಅವ್ನು ಸಾಫ್ಟ್‌ವೇರು ಹಾರ್ಡ್‌ವೇರು ಜೋಡಿಸಿ ಒಂದು ಸೆಟಪ್ ಮಾಡಿಕೊಟ್ಟ, ಅದಕ್ಕೆ ‘ಮೆಸಿನಾ’ ಅಂತಲೇ ಹೆಸರು ಬಿತ್ತು. ವರ್ನನ್ ಹಾಡ್ತಾ ಹಾಡ್ತಾನೇ ಕೀಬೋರ್ಡ್ ಮೇಲೆ ಕಾರ್ಡ್, ಅಂದ್ರೆ ಒಟ್ಟಿಗೆ ಒಂದಷ್ಟು ಸ್ವರ, ಹಿಡೀತಾನೆ, ಯಾವ್ಯಾವ ಸ್ವರ ಒತ್ತಿದ್ನೋ ಅಲ್ಲಿಗೆ ಅವನ ದನಿ ಆ ಕ್ಷಣದಲ್ಲೇ ಜರುಗಿ ನಾಕೈದು ದನಿಯಾಗಿ ಹೊರಗೆ ಬೀಳುತ್ತೆ. ಮೊದ್ಲು ಹಾಡಿ ಆಮೇಲೆ ಇಫೆಕ್ಟ್ ಹಚ್ಚಿದ್ದಲ್ಲ. ಹಾಡೋವಾಗ್ಲೇ ಅವನ ಕಿವಿಗೆ ಆ ಗುಂಪು ದನಿ ಬೀಳ್ತಿರುತ್ತೆ, ಅದಕ್ಕೆ ತಕ್ಕ ಹಾಗೆ ಅವ್ನು ಎಳೀತಾನೆ, ನಿಲ್ಲಿಸ್ತಾನೆ.

‘715 ಕ್ರೀಕ್ಸ್’ ಕೇಳಿ, ಎರಡು ನಿಮಿಷ ಚಿಲ್ಲರೆ ಅಷ್ಟೇ. ಡ್ರಮ್ಸ್ ಇಲ್ಲ, ಗಿಟಾರ್ ಇಲ್ಲ, ಪ್ಯಾಡ್ ಇಲ್ಲ, ಒಂದು ಗಂಟಲು ಮತ್ತೆ ಆ ಸೆಟಪ್ಪು. ಡಬ್ ಮಾಡಿದ ಕೋರಸ್ಸಲ್ಲಿ ಒಬ್ಬೊಬ್ಬರ ಉಸಿರು ಒಂದೊಂದು ಕಡೆ ಬರುತ್ತೆ, ಮಿಕ್ಸ್ ಮಾಡೋರು ಅದನ್ನ ಕೂತು ಕತ್ತರಿಸ್ತೀವಿ. ಇಲ್ಲಿ ಐದು ದನಿಗೂ ಉಸಿರು ಒಂದೇ. ಅವ್ನು ಉಸಿರು ಎಳ್ಕೊಂಡ್ರೆ ಗುಂಪಿಗೆ ಗುಂಪೇ ಎಳ್ಕೊಳ್ಳುತ್ತೆ, ಕೊನೇಲಿ ಕಿರುಚಿದಾಗ ಗಂಟಲು ಒಡೆದ್ರೆ ಐದೂ ಒಟ್ಟಿಗೆ ಒಡೆಯುತ್ತೆ, ಮೆಷಿನ್ನಿಗೆ ಸ್ವರ ಹಿಡಿಯೋಕಾಗ್ದೆ ತಡವರಿಸುತ್ತೆ, ಆ ತಡವರಿಸೋದನ್ನ ಹಂಗೇ ಬಿಟ್ಟಿದಾನೆ. ನಾನು ಈ ಹಾಡನ್ನ ಸ್ಟುಡಿಯೋ ಮಾನಿಟರಲ್ಲಿ ಕೇಳಿದಾಗ ಆಗಿದ್ದು ಏನಂದ್ರೆ, ಬೇಟೆ ಮನೆಯಲ್ಲಿ ಕೂತು ಒಬ್ನೇ ಹಾಡಿದ್ದಕ್ಕಿಂತ ಇದು ಹೆಚ್ಚು ಒಂಟಿ ಅನ್ನಿಸ್ತು, ಯಾಕಂದ್ರೆ ಸುತ್ತ ಇರೋರೆಲ್ಲ ಅವನೇ.

ಆಮೇಲೆ ಇದು ಇದ್ದಕ್ಕಿದ್ದಂಗೆ ಆಗಿದ್ದೂ ಅಲ್ಲ. 2009ರ ‘ಬ್ಲಡ್ ಬ್ಯಾಂಕ್’ ಇಪಿಯಲ್ಲಿ (ಕೆಲವೇ ಹಾಡಿನ ಸಣ್ಣ ಆಲ್ಬಂ) ‘ವುಡ್ಸ್’ ಅಂತ ಹಾಡಿದೆ, ಬರೀ ದನಿ, ಪೂರ್ತಿ ಆಟೋಟ್ಯೂನ್, ಅಂದ್ರೆ ಸ್ವರವನ್ನ ಸಾಫ್ಟ್‌ವೇರ್ ತಿದ್ದಿದ್ದು. ಅದನ್ನೇ ರ್‍ಯಾಪರ್ ಕಾನ್ಯೆ ವೆಸ್ಟ್ 2010ರಲ್ಲಿ ‘ಲಾಸ್ಟ್ ಇನ್ ದ ವರ್ಲ್ಡ್’ಗೆ ಎತ್ಕೊಂಡಿದ್ದು, ಇವನನ್ನ ಹವಾಯಿಗೆ ಕರೆಸ್ಕೊಂಡು ಹಾಡಿಸಿದ್ದು. ಅಂದ್ರೆ ಗಡ್ಡ, ಕಾಡು, ಗಿಟಾರು ಅಂತ ನಾವು ಫೋಟೋ ಫ್ರೇಮ್ ಹಾಕಿ ಗೋಡೆಗೆ ನೇತು ಹಾಕಿದ್ದ ಟೈಮಲ್ಲೇ ಇವ್ನು ಅಲ್ಲಿಂದ ಎದ್ದು ಹೋಗಿಯಾಗಿತ್ತು.

ಡ್ರಮ್ಸ್ ವಿಷ್ಯಕ್ಕೆ ಬಂದ್ರೆ, ‘10 ಡೆತ್‌ಬ್ರೆಸ್ಟ್’ನಲ್ಲಿ ಮೀಟರ್ ಕೆಂಪಿಗೆ ಹೊಡ್ಕೊಂಡು ಹೋಗಿರೋದು ಬೇಕು ಬೇಕಂತಲೇ. ಇದರ ರೆಕಾರ್ಡಿಂಗಲ್ಲಿ ಕೂತಿದ್ದ ಬಿ.ಜೆ. ಬರ್ಟನ್ ಆಮೇಲೆ ‘ಲೋ’ ಬ್ಯಾಂಡ್ ಜೊತೆ 2018ರಲ್ಲಿ ‘ಡಬಲ್ ನೆಗೆಟಿವ್’ ಮಾಡಿದ, ಅದನ್ನ ಕೇಳಿದ್ರೆ ಇದು ಲಾಲಿ ಹಾಡು ಅನ್ಸುತ್ತೆ ನಿಮ್ಗೆ.

ಪ್ರಾಕ್ಟಿಕಲ್ ಸಲಹೆ ಒಂದು. ಆಲ್ಬಂ ಆರ್ಡರಲ್ಲಿ ಕೇಳ್ಬೇಡಿ. ಕೊನೆಯ ‘00000 ಮಿಲಿಯನ್’ ಇಂದ ಶುರು ಮಾಡಿ, ಅದು ಪಿಯಾನೋ ಹಾಡು, ನಿಮ್ಮ ಹಳೇ ವರ್ನನ್ ಅಲ್ಲೇ ಇದಾನೆ. ಆಮೇಲೆ ‘8 ಸರ್ಕಲ್’, ಆಮೇಲೆ ‘29 ಸ್ಟ್ರಾಫರ್ಡ್’, ಆಮೇಲೆ ‘33 ಗಾಡ್’, ಆಮೇಲೆ 715. ಡ್ರಮ್ಸ್ ಹಾಡು ಕಟ್ಟ ಕಡೆಗೆ. ಮತ್ತೆ ದಯವಿಟ್ಟು ಫೋನ್ ಸ್ಪೀಕರಲ್ಲಿ ಬೇಡ, ಕೆಳಗಿನ ಸ್ವರಗಳು ಕೇಳಿಸೋದೇ ಇಲ್ಲ, ಬರೀ ಚಿಪ್‌ಮಂಕ್ ಉಳ್ಕೊಳುತ್ತೆ.

ಎರಡನೇ_ಚರಣ:

ಫೇಡರ್ ಅವರೇ, ಚೆನ್ನಾಗಿ ಬರ್ದಿದೀರಿ, ಆದ್ರೆ ಹೆಂಗೆ ಮಾಡಿದ್ರು ಅಂತ ಗೊತ್ತಾದ ಮಾತ್ರಕ್ಕೆ ಹಾಡು ಒಳ್ಳೇದಾಗಿಬಿಡಲ್ಲ ಅಲ್ವಾ. ಬಹಳ ಕಷ್ಟ ಪಟ್ಟು ಮಾಡಿದ ಕೆಟ್ಟ ಹಾಡುಗಳು ಲೋಕದಲ್ಲಿ ಬೇಕಾದಷ್ಟಿವೆ.

ನಾನು ಭಾವಗೀತೆ ಕೇಳ್ಕೊಂಡು ಬೆಳೆದೋಳು, ನಂಗೆ ಸಾಹಿತ್ಯ ಕಿವಿಗೆ ಬೀಳ್ಬೇಕು. ಎರಡನೇ ಚರಣದಲ್ಲಿ ಕವಿ ಏನೋ ಒಂದು ಹೇಳಿರ್ತಾನೆ ಅದು ಮೊದಲನೇ ಪಲ್ಲವಿಯನ್ನೇ ಬೇರೆ ಮಾಡಿಬಿಡುತ್ತೆ, ನಾನು ಕಾಯೋದು ಅದಕ್ಕೆ. ಇವನ ಈ ಆಲ್ಬಂನ ಸಾಲುಗಳನ್ನ ಬರೆದಿಟ್ಟು ಓದಿದ್ರೂ ಅರ್ಧ ಡಿಕ್ಷನರಿಯಲ್ಲಿಲ್ಲದ ಪದ, ಅವನೇ ಹುಟ್ಟಿಸಿದ್ದು. ಹುಟ್ಟಿಸ್ಲಿ ಬೇಡ ಅನ್ನಲ್ಲ, ಕವಿಗಳು ಹುಟ್ಟಿಸ್ತಾರೆ, ಆದ್ರೆ ಅದನ್ನ ಐದು ದನಿಯಲ್ಲಿ ಅರೆದು ಕೊಟ್ರೆ ಕೇಳೋರಿಗೆ ಏನು ಉಳೀತು.

ನನ್ನ ದೊಡ್ಡ ತಕರಾರು ಅದಲ್ಲ. ಈ ಆಲ್ಬಂನಲ್ಲಿ ನಂಗೆ ಮೈ ಜುಂ ಅಂದಿದ್ದು ಎರಡು ಕಡೆ. ಮೊದಲ ಹಾಡಲ್ಲಿ ಇವ್ನು ‘ಇದು ಬೇಗ ಮುಗಿದು ಹೋಗಬಹುದು’ ಅನ್ನೋ ಅರ್ಥದ್ದೊಂದು ಸಾಲನ್ನ ತಿರುಗಿಸಿ ತಿರುಗಿಸಿ ಹಾಕಿರ್ತಾನೆ, ಅದರ ಮಧ್ಯೆ ಒಂದು ಹೆಣ್ಣು ದನಿ ಏಳುತ್ತಲ್ಲ, ಅಬ್ಬಾ ಅನ್ಸುತ್ತೆ. ಯಾರದ್ದು? ಮಹಾಲಿಯಾ ಜಾಕ್ಸನ್‌ದು. ಗಾಸ್ಪೆಲ್ ಅನ್ನೋ ಚರ್ಚಿನ ಭಕ್ತಿ ಹಾಡಿನ ಮಹಾತಾಯಿ, 1963ರಲ್ಲಿ ವಾಷಿಂಗ್ಟನ್ ಮೆರವಣಿಗೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾಷಣದ ದಿನ ಅದೇ ವೇದಿಕೆಯಲ್ಲಿ ‘ಹೌ ಐ ಗಾಟ್ ಓವರ್’ ಹಾಡಿದೋಳು, ಇಲ್ಲಿ ತಗೊಂಡಿರೋದೂ ಅವಳ ದನಿಯ ಅದೇ ಹಾಡು. ಇನ್ನೊಂದು ಕಡೆ, ಆಲ್ಬಂ ಮುಗಿಯೋ ಹಾಡಲ್ಲಿ ‘ದಿನಗಳಿಗೆ ಅಂಕಿ ಇಲ್ಲ’ ಅಂತ ಒಂದು ಸಾಲು ಬರುತ್ತೆ. ಅಷ್ಟೊತ್ತೂ 22, 10, 715, 33, 666 ಅಂತ ಅಂಕಿ ಎಣಿಸಿ ಎಣಿಸಿ ಕೊನೆಗೆ ಇದು ಬಂದಾಗ ಏನು ಚೆಂದದ ಮುಕ್ತಾಯ ಅನ್ಸುತ್ತೆ. ಅದೂ ಇವನದಲ್ಲ, ಫಿಯನ್ ರೀಗನ್ ಅಂತ ಐರ್ಲೆಂಡಿನ ಹಾಡುಗಾರನ ‘ಅಬಾಕಸ್’ ಇಂದ ಎತ್ತಿದ್ದು. ಮಧ್ಯದಲ್ಲಿ ರಾಕ್ ಹಾಡುಗಾರ್ತಿ ಸ್ಟೀವಿ ನಿಕ್ಸ್ ದನಿ ಬೇರೆ ಬಂದು ಹೋಗುತ್ತೆ.

ಸಾರು ಇವನದು, ಘಮ ಬರೋ ಒಗ್ಗರಣೆ ಮಾತ್ರ ಪಕ್ಕದ ಮನೇದು. ತನ್ನದೇ ದನಿಯನ್ನ ಗುರುತು ಸಿಗದ ಹಾಗೆ ಮುಚ್ಚಿಟ್ಟು ಬೇರೆಯವರ ದನಿಯನ್ನ ಮಾತ್ರ ಸ್ವಚ್ಛವಾಗಿ ಕೇಳಿಸೋದು ಯಾಕೆ, ಅದಕ್ಕೆ ಯಾರಾದ್ರೂ ಉತ್ತರ ಕೊಡಿ.

ಫೇಡರ್_ಮೇಲೆ_ಕೆಳಗೆ:

ಮೇಡಂ ಒಳ್ಳೇ ಪಾಯಿಂಟು. ಒಂದೇ ತಿದ್ದುಪಡಿ, ಅವರ ದನಿಗಳೂ ಸ್ವಚ್ಛವಾಗಿಲ್ಲ, ಸ್ಟೀವಿ ನಿಕ್ಸ್‌ದು ಯಾವ ಮಟ್ಟಕ್ಕೆ ಪಿಚ್ ಬದಲಾಯಿಸಿ ತುಂಡು ಮಾಡಿದಾನೆ ಅಂದ್ರೆ ಕ್ರೆಡಿಟ್ ಓದದೇ ಇದ್ರೆ ಗೊತ್ತೇ ಆಗಲ್ಲ. ಮಹಾಲಿಯಾ ದನಿ ಒಂದಕ್ಕೆ ಮಾತ್ರ ಜಾಗ ಬಿಟ್ಟಿದಾನೆ.

ಮತ್ತೆ ಸಾಹಿತ್ಯದ ವಿಷ್ಯ, ‘ಫಾರ್ ಎಮ್ಮಾ’ ಹೆಂಗೆ ಬರೆದಿದ್ದು ಗೊತ್ತಲ್ಲ, ಮೊದ್ಲು ರಾಗಕ್ಕೆ ಅರ್ಥವಿಲ್ಲದ ಉಚ್ಚಾರ ಹಾಡಿಟ್ಕೊಂಡು ಅದನ್ನೇ ಮತ್ತೆ ಮತ್ತೆ ಕೇಳಿ ಆ ಶಬ್ದಕ್ಕೆ ಹತ್ತಿರ ಇರೋ ಪದ ಕೂರಿಸಿದ್ದು. ನಿಮಗೆ ಇಷ್ಟವಾದ ಹಳೇ ಹಾಡಲ್ಲೂ ಪದ ಆಮೇಲೆ ಬಂದಿದ್ದೇ.

ಎರಡನೇ_ಚರಣ:

ಆಮೇಲಾದ್ರೂ ಬಂತಲ್ಲ! ಈ ಸಲ ಆ ಎರಡನೇ ಕೆಲಸ ಮಾಡ್ದೇನೇ ಬಿಟ್ಟಿದಾನೆ ಅಂತಲೇ ನಾನು ಹೇಳ್ತಿರೋದು.

ಹೊಸಬ_ಕೇಳುಗ:

ಎಲ್ರೂ ಹಳೇದಕ್ಕೆ ಹೋಲಿಸ್ತಿದೀರ. ನಾನು ಉಲ್ಟಾ, ನನ್ನ ಮೊದಲನೇ ಬಾನ್ ಇವೇರ್ ಆಲ್ಬಂ ಇದೇ, ಕಾಲೇಜಲ್ಲಿ ರೂಮ್‌ಮೇಟ್ ಹಾಕಿದ್ದ, ಅದಕ್ಕೂ ಮುಂಚೆ ನಾನು ಕೇಳ್ತಿದ್ದಿದ್ದು ಹಿಪ್‌ಹಾಪ್ ಮತ್ತೆ ಅದರ ಅಕ್ಕಪಕ್ಕದ್ದು, ಫ್ರ್ಯಾಂಕ್ ಓಶನ್, ಚಾನ್ಸ್ ದ ರ್‍ಯಾಪರ್, ಜೇಮ್ಸ್ ಬ್ಲೇಕ್ ಇವೇ. ಆ ಗುಂಪು ದನಿ ಟೆಕ್ನಿಕ್ ಆಗ ಎಲ್ಲಾ ಕಡೆ ಓಡ್ತಿತ್ತು, ಚಾನ್ಸ್‌ನ ‘ಸಮ್ಮರ್ ಫ್ರೆಂಡ್ಸ್’ ಕೇಳಿ, ಅದರಲ್ಲಿ ಫ್ರಾನ್ಸಿಸ್ ಆ್ಯಂಡ್ ದ ಲೈಟ್ಸ್ ಅವ್ರ ಪ್ರಿಸ್ಮೈಸರ್ ಇದೆ, ಇದೇ ಕುಟುಂಬದ್ದು, ಅದೂ 2016ನೇ ಇಸವಿನೇ. ಹಾಗಾಗಿ ನಂಗೆ ಈ ಆಲ್ಬಂನಲ್ಲಿ ಅರ್ಥವಾಗದ್ದು ಏನೂ ಇರ್ಲಿಲ್ಲ ಗುರು, ಡ್ರಮ್ಸ್ ಹರಿದಿದ್ರೆ ಏನಾಯ್ತು ಅದೇ ಮಜಾ. ಆಮೇಲೆ ಎಲ್ರೂ ಹೇಳ್ತಾರೆ ಅಂತ ‘ಫಾರ್ ಎಮ್ಮಾ’ ಹಾಕ್ದೆ, ನಿಜ ಹೇಳ್ಲಾ, ನಾಕನೇ ಹಾಡಿಗೆ ನಿದ್ದೆ ಬಂತು.

ಬೈಯ್ಯಿ ಈಗ.

ಖಡಕ್_ರೊಟ್ಟಿ:

ಬೈಯಾಂಗಿಲ್ಲ ತಮ್ಮಾ, ವಯಸ್ಸು ಅಂಥಾದ್ದು. ಆದ್ರ ಅದರಾಗಿನ ‘ಸ್ಕಿನ್ನಿ ಲವ್’ ಕೇಳಿ ನಿದ್ದಿ ಬಂತು ಅಂದಿ ನೋಡು, ಅದು ಮನಸಿಗೆ ನೆಟ್ಟಿತು.

ಮೈನಸ್_ಇಪ್ಪತ್ತು:

ನಾನಿರೋದು ಮಿನ್ನೆಸೋಟಾದಲ್ಲಿ, ಮಿನಿಯಾಪೊಲಿಸ್ ಪಕ್ಕ. ಇಲ್ಲಿಂದ ಪೂರ್ವಕ್ಕೆ ಒಂದೂವರೆ ಗಂಟೆ ಕಾರು ಓಡಿಸಿದ್ರೆ ಓ ಕ್ಲೇರ್ ಊರು, ವರ್ನನ್ ಹುಟ್ಟಿ ಬೆಳೆದಿದ್ದು ಅಲ್ಲೇ, ಅವನ ಸ್ಟುಡಿಯೋ ಏಪ್ರಿಲ್ ಬೇಸ್ ಇರೋದೂ ಅದರ ಪಕ್ಕದ ಫಾಲ್ ಕ್ರೀಕ್ ಅನ್ನೋ ಸಣ್ಣ ಊರಲ್ಲಿ. 715 ಅಂದ್ರೆ ಏನೋ ಬ್ರಹ್ಮ ರಹಸ್ಯ ಅನ್ಕೋಬೇಡಿ ರೊಟ್ಟಿ ಸಾರ್, ಆ ಕಡೆಯ ಫೋನ್ ಏರಿಯಾ ಕೋಡ್ ಅದು, ನಮ್ಮಲ್ಲಿ 080 ಅಂದ್ರೆ ಬೆಂಗಳೂರು ಅಂತ ಗೊತ್ತಾಗಲ್ವಾ ಹಂಗೇ. ಕ್ರೀಕ್ ಅಂದ್ರೆ ಹಳ್ಳ, ಆ ಕಡೆ ಹೆಜ್ಜೆಗೊಂದು ಹಳ್ಳ ಇದೆ. 22 ಅವನು ಚಿಕ್ಕೋನಿಂದ ತನ್ನದು ಅಂತ ಅನ್ಕೊಂಡಿರೋ ನಂಬರ್. ಊರೋರಿಗೆ ಇದು ಒಗಟೇ ಅಲ್ಲ.

ಒಂದು ವಿಷ್ಯ ಇಲ್ಲಿ ಯಾರೂ ಹೇಳ್ಲಿಲ್ಲ. ಈ ಆಲ್ಬಂ ಮೊದ್ಲು ಜನರ ಮುಂದೆ ಬಂದಿದ್ದು ರೆಕಾರ್ಡ್ ಆಗಿ ಅಲ್ಲ. ವರ್ನನ್ ಮತ್ತೆ ದ ನ್ಯಾಷನಲ್ ಬ್ಯಾಂಡಿನ ಆ್ಯರನ್ ಡೆಸ್ನರ್ ಸೇರಿ 2015ರಲ್ಲಿ ಅಲ್ಲೊಂದು ಫೆಸ್ಟಿವಲ್ ಶುರು ಮಾಡಿದ್ರು, ಊರಿನದೇ ಹೆಸರನ್ನ ಬಹುವಚನ ಮಾಡಿ ಇಟ್ಟಿದ್ದು. ಮಾರನೇ ವರ್ಷ ಆಗಸ್ಟಲ್ಲಿ ಅದೇ ಫೆಸ್ಟಿವಲಲ್ಲಿ, ಇನ್ನೂ ಬಿಡುಗಡೆಗೆ ತಿಂಗಳ ಮೇಲೆ ಇರೋವಾಗ, ಇಡೀ ಆಲ್ಬಂ ಶುರುವಿಂದ ಕೊನೇ ತನಕ ಆರ್ಡರಲ್ಲಿ ನುಡಿಸಿಬಿಟ್ರು. ಬಂದಿದ್ದ ಸಾವಿರಾರು ಜನಕ್ಕೆ ಒಂದು ಹಾಡೂ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಜೊತೆಗೆ ಹಾಡೋಕಾಗಲ್ಲ, ಚಪ್ಪಾಳೆ ಎಲ್ಲಿ ಹೊಡೀಬೇಕು ಅಂತ ಗೊತ್ತಾಗಲ್ಲ. ನನ್ನ ಆಫೀಸಿನೋರೊಬ್ರು ಹೋಗಿದ್ರು, ಪಕ್ಕದಲ್ಲಿ ನಿಂತಿದ್ದೋರು ಎರಡನೇ ಹಾಡಿಗೆ ಬಿಯರ್ ತರೋಕೆ ಅಂತ ಹೋದೋರು ವಾಪಸ್ ಬರ್ಲೇ ಇಲ್ಲ, ಮುಂದೆ ನಿಂತಿದ್ದ ಹುಡುಗಿ 715ಕ್ಕೆ ಅಳ್ತಿದ್ಲು ಅಂದ್ರು. ಅಂದ್ರೆ ನೀವು ಹೇಳೋ ಈ ಎರಡು ಪಾರ್ಟಿ ಮೊದಲನೇ ದಿನವೇ ಅದೇ ಮೈದಾನದಲ್ಲಿ ಹುಟ್ಟಿತ್ತು.

ನನ್ನ ವೋಟು ಕೇಳಿದ್ರೆ, ಆಲ್ಬಂ ಪರವಾಗಿ, ಆದ್ರೆ ಫೇಡರ್ ಅವರಷ್ಟು ಧಾರಾಳವಾಗಿ ಅಲ್ಲ. ಮೊದಲ ಅರ್ಧ ಗಟ್ಟಿ ಇದೆ. ‘21 ಮೂನ್ ವಾಟರ್’ ಮಾತ್ರ ಏನಕ್ಕೆ ಇದೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ, ಮುಂದಿನ ಹಾಡಿಗೆ ದಾರಿ ಮಾಡೋಕೆ ಅಂತ ಸ್ಯಾಕ್ಸೋಫೋನ್ ಗದ್ದಲ ಎಬ್ಬಿಸಿ ಮೂರು ನಿಮಿಷ ಕಳೆದಿದಾನೆ. ‘45’ ಆ ಥರದ್ದೇ ಪ್ರಯೋಗ ಆದ್ರೂ ಅದು ನಿಲ್ಲುತ್ತೆ, ಮೈಕೆಲ್ ಲೂಯಿಸ್‌ನ ಸ್ಯಾಕ್ಸನ್ನೇ ಆ ಮೆಸಿನಾ ಒಳಗೆ ಹಾಯಿಸಿದಾರೆ, ಒಂದು ಪೀಪಿ ಇಡೀ ಓಲಗ ಆಗಿಬಿಡುತ್ತೆ, ಕೊನೇಲಿ ಬ್ಯಾಂಜೋ ತಂತಿ ಒಂದಷ್ಟು ಹೊತ್ತು, ಅಷ್ಟೇ.

ಕಾಫಿಪುಡಿ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಜನ ಬರೀತೀರಿ ಅನ್ಕೊಂಡಿರ್ಲಿಲ್ಲ.

ಫೇಡರ್ ಅವ್ರು ಹೇಳಿದ ಆರ್ಡರಲ್ಲಿ ಕೇಳ್ದೆ, ಮನೆಯಲ್ಲಿ ಆ್ಯಂಪ್‌ಗೆ ಹಾಕಿ, ಬಾಗಿಲು ಹಾಕ್ಕೊಂಡು. ‘00000 ಮಿಲಿಯನ್’ ಒಪ್ಕೊಂಡೆ, ಅದು ಒಳ್ಳೇ ಹಾಡು, ಯಾವ ಆಲ್ಬಂನಲ್ಲಿದ್ರೂ ಒಳ್ಳೇ ಹಾಡೇ. ‘29 ಸ್ಟ್ರಾಫರ್ಡ್’ ಕೂಡ. ಅದರಲ್ಲಿ ಗಿಟಾರ್ ಮೆತ್ತಗೆ ಹೋಗ್ತಿರುತ್ತೆ, ದನಿ ಮೇಲಕ್ಕೆ ಏರಿ ಒಂದು ಕಡೆ ಟೇಪು ಕಚ್ಕೊಂಡ ಹಾಗೆ ಹರಿಯುತ್ತಲ್ಲ, ಮುಂಚೆ ಅಲ್ಲೇ ಕಿರಿಕಿರಿ ಆಗ್ತಿತ್ತು, ಈ ಸಲ ಅದು ಬರ್ಲಿ ಅಂತ ಕಾದೆ, ಯಾಕೋ ಗೊತ್ತಿಲ್ಲ. ಕ್ಯಾಸೆಟ್ ಕಾಲದೋನು ನಾನು, ಟೇಪ್ ಹಾಳಾಗೋ ಸದ್ದು ಅಂದ್ರೆ ಎದೆ ಹೊಡ್ಕೊಳ್ಳುತ್ತೆ, ಅದಕ್ಕೇ ಇರ್ಬೇಕು.

715 ವಿಷ್ಯಕ್ಕೆ, ಐದು ದನಿಗೆ ಒಂದೇ ಉಸಿರು ಅಂದಿದ್ದು ಓದಿದ ಮೇಲೆ ಅದು ಬಿಟ್ಟು ಬೇರೇನೂ ಕೇಳಿಸ್ತಿಲ್ಲ, ಅದು ಒಳ್ಳೇದೋ ಕೆಟ್ಟದ್ದೋ ಇನ್ನೂ ಹೇಳಕ್ಕಾಗಲ್ಲ. ಮೆಚ್ಚಿದೀನಾ ಅಂದ್ರೆ ಇಲ್ಲ, ಆದ್ರೆ ಸ್ಕಿಪ್ ಮಾಡಲ್ಲ ಇನ್ಮೇಲೆ.

‘10 ಡೆತ್‌ಬ್ರೆಸ್ಟ್’ ಮಾತ್ರ ಕ್ಷಮಿಸಿ, ಕಡೆಗೆ ಕೇಳಿದ್ರೂ ಮೊದ್ಲು ಕೇಳಿದ್ರೂ ಅದು ಅದೇ. ಬೇಕಂತಲೇ ಕೆಡಿಸಿದ್ದು ಅಂತ ಗೊತ್ತಾಯ್ತು, ಬೇಕಂತಲೇ ಕೆಡಿಸಿದ್ರೂ ಕೆಟ್ಟಿದ್ದು ಕೆಟ್ಟಿದ್ದೇ ತಾನೇ.

ಮತ್ತೆ ಎರಡನೇ ಚರಣ ಮೇಡಂ ಕೇಳಿದ ಪ್ರಶ್ನೆಗೆ ಇಲ್ಲಿ ಯಾರೂ ನೆಟ್ಟಗೆ ಉತ್ತರ ಕೊಡ್ಲಿಲ್ಲ, ತನ್ನ ದನಿ ಮುಚ್ಚಿಟ್ಟಿದ್ದು ಯಾಕೆ ಅನ್ನೋದು.

ಮೈನಸ್_ಇಪ್ಪತ್ತು:

ನನಗೆ ತೋಚಿದ್ದು ಹೇಳ್ತೀನಿ. 2012ರ ಆ ಗ್ರ್ಯಾಮಿ ನೆನಪಿಸ್ಕೊಳ್ಳಿ, ಬೆಸ್ಟ್ ನ್ಯೂ ಆರ್ಟಿಸ್ಟ್ ಅಂತ ಕೊಟ್ರು, ಅಷ್ಟೊತ್ತಿಗೆ ಅವನ ಮೊದಲನೇ ಆಲ್ಬಂ ಬಂದು ನಾಕೈದು ವರ್ಷ ಆಗಿತ್ತು, ವೇದಿಕೆ ಮೇಲೆ ನಿಂತವನ ಮುಖದಲ್ಲಿ ಖುಷಿಗಿಂತ ಮುಜುಗರ ಜಾಸ್ತಿ ಇತ್ತು. ಆ ಫಾಲ್ಸೆಟೋ ಆಗ ಎಲ್ಲರಿಗೂ ಗುರುತಾಗೋ ದನಿ, ಎಲ್ಲರೂ ನಕಲಿ ಮಾಡೋ ದನಿ. ನಂತರದ ವರ್ಷಗಳಲ್ಲಿ ಅವ್ನು ವಾಲ್ಕೆನೋ ಕ್ವೈರ್ ಅಂತ, ದ ಶೌಟಿಂಗ್ ಮ್ಯಾಚಸ್ ಅಂತ ಬೇರೆ ಬೇರೆ ಬ್ಯಾಂಡಲ್ಲಿ ಹಾಡ್ದ, ಗ್ರೀಸಿನ ಒಂದು ದ್ವೀಪಕ್ಕೆ ಒಬ್ನೇ ಹೋಗಿ ಕೂತ, ಮೊದಲ ಹಾಡಿನ ಆ ತಿರುಗೋ ಸಾಲು ಹುಟ್ಟಿದ್ದು ಅಲ್ಲೇ, ಕೈಯಲ್ಲಿ ಹಿಡಿಯೋ ಸೈಜಿನ ಓಪಿ-1 ಅನ್ನೋ ಸಿಂಥಸೈಜರ್ ಮೇಲೆ ಗುನುಗಿ ರೆಕಾರ್ಡ್ ಮಾಡ್ಕೊಂಡಿದ್ದು. ಹೆಸರಿಗೇ ಹೆದರಿದ ಮನುಷ್ಯ ದನಿ ಮುಚ್ಕೊಂಡ ಅಂತ ನಾನು ಓದ್ಕೊಂಡಿದೀನಿ. ಪ್ರೂಫ್ ಕೇಳ್ಬೇಡಿ.

ಎರಡನೇ_ಚರಣ:

ಇದು ಒಪ್ಪೋ ಮಾತು. ಹಾಡು ಇಷ್ಟ ಆಗ್ಲಿಲ್ಲ ಅಂದ್ರೂ ಮನುಷ್ಯ ಅರ್ಥ ಆದ. ಆದ್ರೆ ಅವನ ಹೆದರಿಕೆ ಅವನ ತಾಪತ್ರಯ, ಕೇಳೋಳಿಗೆ ಸಾಹಿತ್ಯ ಬೇಕೇ ಬೇಕು, ಅದನ್ನ ಬಿಟ್ಕೊಡಲ್ಲ ನಾನು.

ಹೊಸಬ_ಕೇಳುಗ:

ಈಗ ಮಜಾ ಏನ್ ಗೊತ್ತಾ. 2019ರ ‘ಐ, ಐ’ ಕೂಡ ಇದೇ ದಾರಿಯಲ್ಲೇ ಬಂತು, ಆಮೇಲೆ 2024 ಅಕ್ಟೋಬರಲ್ಲಿ ‘ಸೇಬಲ್’ ಅಂತ ಇಪಿ ಬಿಟ್ಟ, ಗಿಟಾರು, ಸ್ವಚ್ಛ ದನಿ, ಹಳೇ ಪಾರ್ಟಿಯೋರೆಲ್ಲ ನಮ್ಮ ಹುಡುಗ ಮನೆಗೆ ಬಂದ ಅಂತ ಹಬ್ಬ ಮಾಡಿದ್ರು. 2025 ಏಪ್ರಿಲಲ್ಲಿ ಅದೇ ಹಾಡುಗಳನ್ನ ಮುಂದೆ ಇಟ್ಟು ಪೂರ್ತಿ ಆಲ್ಬಂ ‘ಸೇಬಲ್, ಫೇಬಲ್’ ಬಂತು, ಹಿಂದಿನ ಭಾಗ ಪೂರ್ತಿ ಲವ್ ಸಾಂಗ್, ಪಾಪ್, ಆರ್ ಆ್ಯಂಡ್ ಬಿ, ಬಿಸಿಲು ಕಾಯಿಸ್ಕೊಳ್ತಿರೋ ಥರ. ಈಗ ನನ್ನಂಥೋರು ಇದೇನ್ ಗುರು ಇಷ್ಟು ಸಲೀಸಾಗಿದೆ ಅಂತ ಗೊಣಗ್ತಿದೀವಿ, ಹರಿದ ಡ್ರಮ್ಸ್ ಎಲ್ಲಿ ಅಂತ.

ಖಡಕ್_ರೊಟ್ಟಿ:

ಹಾಂ, ಈಗ ಬಂತು ನೋಡು ನಿಮ್ಮ ಪಾಳಿ. ಆ ಹೊಸಾದ್ದು ನಾನೂ ಕೇಳೇನಿ, ಚಲೋ ಐತಿ, ಪದ ಸೈತ ತಿಳೀತಾವ, ಮೇಡಂ ಅವರೂ ಕೇಳಬೋದು. ಹಾಡಿನ ಹೆಸರೂ ಮನಷ್ಯಾರು ಓದೋ ಹಂಗ ಇಟ್ಟಾನ ಈ ಸಲ.

ಫೇಡರ್_ಮೇಲೆ_ಕೆಳಗೆ:

ರೊಟ್ಟಿ ಸಾರ್, ಅದರಲ್ಲಿ ಹೆಸರನ್ನ ದೊಡ್ಡಕ್ಷರ ಚಿಕ್ಕಕ್ಷರ ಬೆರೆಸಿ ಬರೆದಿರೋದು ನೋಡ್ಲಿಲ್ವಾ ನೀವು, ಕವರ್ ಇನ್ನೊಂದು ಸಲ ನೋಡಿ. ಕಾಫಿಪುಡಿ ಅವ್ರೇ, ‘10 ಡೆತ್‌ಬ್ರೆಸ್ಟ್’ಗೆ ಒಂದು ಎಕ್ಸ್‌ಟೆಂಡೆಡ್ ವರ್ಷನ್ ಇದೆ, ಆಲ್ಬಂಗೆ ಮುಂಚೆ ಬಿಟ್ಟಿದ್ದು. ಅದನ್ನೊಂದು ಸಲ ಹಾಕಿ ನೋಡಿ, ವಾಲ್ಯೂಮ್ ಮಾತ್ರ ಮೊದ್ಲೇ ಕಮ್ಮಿ ಮಾಡ್ಕೊಳ್ಳಿ.

ಕಾಫಿಪುಡಿ:

ಇನ್ನೂ ಉದ್ದದ್ದಾ?! ಬೇಡ ಸಾರ್, ದಯವಿಟ್ಟು.